ಒತ್ತಿದ ಮೇಲೆ ಹಿಂದೆ ಬರಲು ದಾರಿ ಇರಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಸಂಕಟ ಒಂದೇ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಏನೋ ಒತ್ತಿದ್ದಾಯ್ತು, ಅದು ತಪ್ಪಾಯ್ತು, ಮುಂದೇನು? ಇಂಥ ಸ್ಕ್ರೀನ್‌ಗಳನ್ನು ತಯಾರು ಮಾಡುವವರೂ ಬರೆದಿದ್ದಾರೆ. ಹಾಗಾಗಿ ಈ ಬಾರಿ ಪುಟವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಸಣ್ಣ ಅಡಿಕೆ ತೋಟ. ಅಡಿಕೆ ಕೊನೆ (ಗೊನೆ) ತೆಗೆಯಲು ಬಂದವರ ಕೂಲಿಯನ್ನು ನಾನೇ ಫೋನಿನಲ್ಲಿ ಕಳಿಸುತ್ತೇನೆ. ಹೋದ ತಿಂಗಳು 6,500 ರೂಪಾಯಿ ಅದೇ ಹೆಸರಿನ ಇನ್ನೊಬ್ಬರಿಗೆ ಹೋಗಿಬಿಟ್ಟಿತು. ಅವರು ಯಾವಾಗಲೋ ಮನೆಗೆ ಟಿವಿ ರಿಪೇರಿಗೆ ಬಂದವರು, ಈಗ ಫೋನ್ ತೆಗೆಯುತ್ತಿಲ್ಲ. ಮನೆಯಲ್ಲಿ ಎಲ್ಲರೂ "ನೋಡಿ ಕಳಿಸಬೇಕಿತ್ತು" ಅನ್ನುತ್ತಾರೆ. ದುಡ್ಡು ವಾಪಸ್ ಬರುತ್ತಾ? ತಪ್ಪು ನನ್ನದೇ ಅಲ್ವಾ?
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸೋಣ. ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದರೆ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಸಿಗುತ್ತದೆ. ಅದನ್ನು ಬರೆದುಕೊಂಡು ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಆ್ಯಪ್‌ನಲ್ಲೂ ದೂರು ದಾಖಲಿಸಿ. ನಿಮ್ಮ ಬ್ಯಾಂಕು ಅವರ ಬ್ಯಾಂಕಿಗೆ ಬರೆಯುತ್ತದೆ, ಆ ಬ್ಯಾಂಕು ಅವರನ್ನು ಕೇಳುತ್ತದೆ, ಅವರು ಒಪ್ಪಿದರೆ ಹಣ ಬರುತ್ತದೆ. ಒಪ್ಪದಿದ್ದರೆ ಬ್ಯಾಂಕು ತಾನಾಗೇ ಅವರ ಖಾತೆಯಿಂದ ತೆಗೆದು ಕೊಡುವ ಹಾಗಿಲ್ಲ. 30 ದಿನದೊಳಗೆ ಬ್ಯಾಂಕಿನಿಂದ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು.

ನಿಮ್ಮ ಖಾತೆಯಿಂದ ಕಡಿತವಾಗಿ, ಅವರ ಖಾತೆಗೂ ಸೇರದೆ ಮಧ್ಯದಲ್ಲಿ ಸಿಕ್ಕಿಕೊಂಡಿದ್ದರೆ ಕತೆ ಬೇರೆ ಇತ್ತು. ಅದಕ್ಕೆ 2019ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ. ಒಬ್ಬರಿಂದ ಇನ್ನೊಬ್ಬರಿಗೆ ಹೊರಟ ಯುಪಿಐ ಹಣ ಸೇರದಿದ್ದರೆ ಮರುದಿನದೊಳಗೆ ತಾನಾಗೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಯಂತ್ರದ ತಪ್ಪಿಗೆ ಇಷ್ಟು ಸ್ಪಷ್ಟ ದಾರಿ ಇದೆ, ಕೈತಪ್ಪಿಗೆ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಇನ್ನು ತಪ್ಪು ಯಾರದ್ದು ಅನ್ನೋದು. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕೆ ಇಳಿದ ಮೇಲೆ ರನ್‌ವೇ ಮೇಲೇ ಹೊಟ್ಟೆಯಡಿ ಕುಸಿದು ಬೀಳುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲಾಪ್ (ಹಿಂದಂಚಿನಲ್ಲಿ ಕೆಳಗೆ ಬಾಗುವ ಪಟ್ಟಿ) ಒಳಗೆಳೆಯುವ ಬದಲು ಚಕ್ರವನ್ನೇ ಒಳಗೆಳೆಯುತ್ತಿದ್ದರು. 'ಪೈಲಟ್ ತಪ್ಪು' ಅಂತ ಬರೆದು ಫೈಲ್ ಮುಚ್ಚುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿಗೇ ಹೋಗಿ ನೋಡಿದ. ಎರಡೂ ಸ್ವಿಚ್‌ಗಳು ಅಕ್ಕಪಕ್ಕದಲ್ಲಿದ್ದವು, ನೋಡಲು ಮುಟ್ಟಲು ಒಂದೇ ಥರ. ಅವನು ಮಾಡಿಸಿದ್ದು ಬಹಳ ಸಣ್ಣ ಕೆಲಸ. ಚಕ್ರದ ಹಿಡಿಗೆ ಚಕ್ರದ ಆಕಾರ, ಫ್ಲಾಪಿನ ಹಿಡಿಗೆ ರೆಕ್ಕೆಯಂಥ ಬೆಣೆಯ ಆಕಾರ. ಕತ್ತಲಲ್ಲಿ ಕೈಯಾಡಿಸಿದರೂ ಯಾವುದು ಯಾವುದೆಂದು ಗೊತ್ತಾಗಬೇಕು. ಅಮೆರಿಕದ ವಿಮಾನ ನಿಯಮಗಳಲ್ಲಿ ಈ ಆಕಾರಗಳು ಇವತ್ತಿಗೂ ಇವೆ. ಮುಂದೆ 1947ರಲ್ಲಿ ಫಿಟ್ಸ್ ಮತ್ತು ಜೋನ್ಸ್ ಅನ್ನುವವರು ಪೈಲಟ್‌ಗಳ 460 ತಪ್ಪುಗಳನ್ನು ಕೂತು ನೋಡಿದಾಗ ಸುಮಾರು ಅರ್ಧದಷ್ಟು ಇದೇ ಜಾತಿಯವು, ಅಂದರೆ ಒಂದು ಹಿಡಿಯ ಬದಲು ಇನ್ನೊಂದಕ್ಕೆ ಕೈ ಹಾಕಿದ್ದು.

ನಿಮಗೆ ಆದದ್ದೂ ಅದೇ. ಯಾರಿಗೆ ಕಳಿಸಬೇಕು ಅನ್ನೋದು ನಿಮಗೆ ಚೆನ್ನಾಗಿ ಗೊತ್ತಿತ್ತು, ಕೈ ಪಕ್ಕದ ಸಾಲಿಗೆ ಹೋಯಿತು. ಇಂಥದ್ದನ್ನು 'ಇನ್ನು ಮೇಲೆ ಹುಷಾರಾಗಿರ್ತೀನಿ' ಅಂತ ಪ್ರಮಾಣ ಮಾಡಿ ತಡೆಯಲಾಗುವುದಿಲ್ಲ. ಸಂಜೆ ಹೊತ್ತು, ಅಂಗಳದಲ್ಲಿ ಅಡಿಕೆ ರಾಶಿ, ಹೊರಡುವ ಗಡಿಬಿಡಿಯಲ್ಲಿ ಮೂರ್ನಾಲ್ಕು ಜನ ಕೂಲಿಗೆ ಕಾಯುತ್ತಿದ್ದಾರೆ, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಫೋನು. ಆ್ಯಪ್ ಕಟ್ಟುವವರು ಈ ಅಂಗಳವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಟ್ಟಬೇಕು.

ಏನು ಮಾಡಬಹುದಿತ್ತು? ಒಂದೇ ಹೆಸರಿನ ಇಬ್ಬರಿದ್ದಾಗ ಸುಮ್ನೆ ಎರಡು ಸಾಲು ತೋರಿಸುವ ಬದಲು, ಒಬ್ಬರ ಕೆಳಗೆ 'ಹೋದ ವಾರ 5,200 ಕಳಿಸಿದ್ದೀರಿ' ಅಂತಲೂ ಇನ್ನೊಬ್ಬರ ಕೆಳಗೆ 'ಇವರಿಗೆ ಎರಡು ವರ್ಷದಿಂದ ಏನೂ ಕಳಿಸಿಲ್ಲ' ಅಂತಲೂ ಬರೆಯಬಹುದಿತ್ತು. ಆ ಮಾಹಿತಿ ಆ್ಯಪ್ ಹತ್ತಿರ ಇದ್ದೇ ಇರುತ್ತದೆ. ಮೊತ್ತವನ್ನು ಅಕ್ಷರದಲ್ಲೂ ತೋರಿಸಬೇಕು. ಚೆಕ್ಕಿನಲ್ಲಿ ಅಂಕಿ ಮತ್ತು ಅಕ್ಷರ ಎರಡನ್ನೂ ಬರೆಯುತ್ತೇವೆ, ಎರಡೂ ಬೇರೆಯಾದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು ಹೇಳುತ್ತದೆ. ಒಂದು ಸೊನ್ನೆ ಜಾಸ್ತಿ ಬಿದ್ದದ್ದು ಕಣ್ಣಿಗೆ ಕಾಣದೆ ಹೋಗಬಹುದು, 'ಅರವತ್ತೈದು ಸಾವಿರ' ಅನ್ನುವ ಮಾತು ಕಾಣದೆ ಹೋಗುವುದು ಕಷ್ಟ.

ಒಂದು ಒಳ್ಳೆಯ ಬದಲಾವಣೆ ಆಗಿದೆ. ನಾವು ಫೋನಿನಲ್ಲಿ ಇಟ್ಟುಕೊಂಡ ಹೆಸರಿನ ಬದಲು ಬ್ಯಾಂಕಿನಲ್ಲಿ ಇರುವ ಹೆಸರನ್ನೇ ಹಣ ಕಳಿಸುವ ಮೊದಲು ತೋರಿಸಬೇಕು ಎಂದು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರಲ್ಲಿ ಆ್ಯಪ್‌ಗಳಿಗೆ ಹೇಳಿದೆ. ಪಿನ್ ಒತ್ತುವ ಮೊದಲು ಆ ಹೆಸರನ್ನು, ಇನಿಷಿಯಲ್ ಸಮೇತ, ಒಂದು ಸಲ ಬಾಯಲ್ಲಿ ಓದಿಕೊಳ್ಳಿ. ಮನೆಯವರಿಗೂ ಈ ಉತ್ತರ ಓದಿ ಹೇಳಿ.

ಪ್ರಶ್ನೆ: ಒಂದು ಸಣ್ಣ ಸಹಕಾರ ಸಂಘಕ್ಕೆ ಅಡಿಕೆ ಆವಕದ ಸಾಫ್ಟ್‌ವೇರ್ ಬರೆದಿದ್ದೇನೆ. ಪ್ರತಿ ಕೆಲಸಕ್ಕೂ 'ಖಚಿತವೇ?' ಎಂದು ಕೇಳುವ ಹಾಗೆ ಮಾಡಿದ್ದೇನೆ. ಆದರೂ ಗುಮಾಸ್ತರು ದರ ತಪ್ಪು ಹಾಕುತ್ತಾರೆ, ಒಂದೆರಡು ಸಲ ರೈತರ ಖಾತೆಯನ್ನೇ ಅಳಿಸಿದ್ದಾರೆ. ಇನ್ನೊಂದು ಸಲ ಕೇಳುವ ಹಾಗೆ ಮಾಡಲೇ?
— ಎಂಜಿನಿಯರ್, ಶಿವಮೊಗ್ಗ

ಉತ್ತರ: ಬೇಡ. ಈಗ ಇರುವ ಪ್ರಶ್ನೆಗಳಲ್ಲೇ ಮುಕ್ಕಾಲು ಪಾಲು ತೆಗೆಯಿರಿ.

ದಿನಕ್ಕೆ ನೂರು ಸಲ 'ಖಚಿತವೇ?' ಅಂದರೆ ನೂರು ಸಲವೂ 'ಹೌದು' ಅಂತಲೇ ಒತ್ತುತ್ತಾರೆ. ಎರಡನೇ ವಾರದ ಹೊತ್ತಿಗೆ ಯಾರೂ ಅದನ್ನು ಓದುವುದಿಲ್ಲ. 'ಉಳಿಸು', 'ಹೌದು' ಎರಡೂ ಸೇರಿ ಬೆರಳಿಗೆ ಒಂದೇ ಚಲನೆಯಾಗಿಬಿಡುತ್ತದೆ. ತೋಳ ಬಂತು ತೋಳ ಅಂದ ಹುಡುಗನ ಕತೆಯೇ ಇದು.

ಜಪಾನಿನಲ್ಲಿ ಆದದ್ದನ್ನು ಕೇಳಿ. 2005ರ ಡಿಸೆಂಬರ್ 8. ಮಿಜುಹೊ ಸೆಕ್ಯುರಿಟೀಸ್ ಎಂಬ ಸಂಸ್ಥೆ ಅಂದೇ ಷೇರುಪೇಟೆಗೆ ಬಂದ ಜೆ-ಕಾಮ್ ಎಂಬ ಕಂಪನಿಯ 1 ಷೇರನ್ನು 6,10,000 ಯೆನ್‌ಗೆ ಮಾರಬೇಕಿತ್ತು. ಟೈಪ್ ಮಾಡಿದ್ದು ತಿರುಗಾಮುರುಗಾ ಆಯಿತು: 6,10,000 ಷೇರು, ತಲಾ 1 ಯೆನ್. ಆ ಕಂಪನಿಯ ಒಟ್ಟು ಷೇರುಗಳೇ 14,500ರ ಆಸುಪಾಸು! ಸ್ಕ್ರೀನಿನಲ್ಲಿ ಎಚ್ಚರಿಕೆ ಬಂದಿತ್ತು. ಆದರೆ ಅಂಥ ಎಚ್ಚರಿಕೆ ಪದೇ ಪದೇ ಬರುತ್ತಿತ್ತು, ಹಾಗಾಗಿ ಅದನ್ನು ದಾಟಿಕೊಂಡು ಹೋದರು. ತಪ್ಪು ಗೊತ್ತಾದ ಕೂಡಲೇ ರದ್ದು ಮಾಡಲು ಮತ್ತೆ ಮತ್ತೆ ಪ್ರಯತ್ನಪಟ್ಟರು. ಟೋಕಿಯೋ ಷೇರುಪೇಟೆಯ ವ್ಯವಸ್ಥೆಯಲ್ಲಿ ದೋಷ ಇದ್ದದ್ದರಿಂದ ರದ್ದೂ ಆಗಲಿಲ್ಲ. ನಷ್ಟ ಸುಮಾರು 4,000 ಕೋಟಿ ಯೆನ್. ಇರುವ ಷೇರಿಗಿಂತ 40 ಪಟ್ಟು ಜಾಸ್ತಿ ಮಾರಲು ಹೊರಟವರನ್ನು 'ಖಚಿತವೇ?' ಅಂತ ಕೇಳಬೇಕಾಗಿರಲಿಲ್ಲ, ಆ ಆರ್ಡರನ್ನು ತೆಗೆದುಕೊಳ್ಳಲೇಬಾರದಿತ್ತು.

ನಾನಾದರೆ ಹೀಗೆ ಮಾಡುತ್ತೇನೆ. ನಿಮ್ಮ ಸಾಫ್ಟ್‌ವೇರಿನ ಒಂದೊಂದು ಬಟನ್ ಮುಂದೆಯೂ ಕೂತು ಒಂದೇ ಮಾತು ಕೇಳಿಕೊಳ್ಳಿ: ಇದನ್ನು ಒತ್ತಿದ ಮೇಲೆ ಹಿಂದೆ ಬರಬಹುದಾ? ಬರಬಹುದು ಅನ್ನುವ ಹಾಗಿದ್ದರೆ ಏನೂ ಕೇಳಬೇಡಿ, ಕೆಲಸ ಮಾಡಿ ಮುಗಿಸಿ, ಪಕ್ಕದಲ್ಲೇ 'ವಾಪಸ್' ಅಂತ ಒಂದು ಬಟನ್ ಇಡಿ. ರೈತರ ಖಾತೆ ಅಳಿಸುವುದು ಈ ಗುಂಪಿಗೆ ಸೇರಬೇಕು. ಡೇಟಾಬೇಸಿನಿಂದ ಕಿತ್ತು ಹಾಕುವ ಅಗತ್ಯ ಏನಿದೆ? ಒಂದು ಗುರುತು ಹಾಕಿ ಪಟ್ಟಿಯಿಂದ ಮರೆ ಮಾಡಿ. '214ನೇ ಖಾತೆ ತೆಗೆಯಲಾಗಿದೆ, ವಾಪಸ್ ತರಲು ಇಲ್ಲಿ ಒತ್ತಿ' ಅಂತ ಒಂದು ಸಾಲು ತೋರಿಸಿ. ಆ ಖಾತೆ ತಿಂಗಳುಗಟ್ಟಲೆ ಒಳಗೇ ಇರಲಿ, ಏನೂ ಖರ್ಚಿಲ್ಲ. ಲೆಕ್ಕದ ನಮೂದುಗಳಿಗಂತೂ ಅಳಿಸುವ ಬಟನ್ನೇ ಬೇಡ. ಹಳೆಯ ಕಿರ್ದಿ ಬರೆಯುತ್ತಿದ್ದವರು ತಪ್ಪಿದ ನಮೂದನ್ನು ಕೆರೆದು ತೆಗೆಯುತ್ತಿರಲಿಲ್ಲ, ಎದುರು ನಮೂದು ಹಾಕಿ ಸರಿ ಮಾಡುತ್ತಿದ್ದರು. ಆ ಪದ್ಧತಿ ಇವತ್ತಿಗೂ ಅತ್ಯುತ್ತಮ. ಏನಾಯ್ತು, ಯಾರು ಯಾವಾಗ ಸರಿ ಮಾಡಿದರು, ಎಲ್ಲ ಉಳಿಯುತ್ತದೆ.

ಹಿಂದೆ ಬರಲಾಗದ ಕೆಲಸಗಳು ಕೆಲವೇ ಇರುತ್ತವೆ: ರೈತರಿಗೆ ಎಸ್‌ಎಂಎಸ್ ಹೋಗುವುದು, ಬ್ಯಾಂಕಿಗೆ ಹಣ ಹೋಗುವುದು. ಇವುಗಳಿಗೂ ಉಪಾಯ ಇದೆ. ಜಿಮೇಲ್‌ನ 'ಅನ್‌ಡೂ ಸೆಂಡ್' ನೋಡಿದ್ದೀರಲ್ಲ, 2009ರಲ್ಲಿ ಪ್ರಯೋಗವಾಗಿ ಬಂದು 2015ರಲ್ಲಿ ಎಲ್ಲರಿಗೂ ಸಿಕ್ಕಿತು. ಅಲ್ಲಿ ಹೋದ ಮೇಲ್ ವಾಪಸ್ ಬರುವುದಿಲ್ಲ, ಅದು ಹೋಗಿಯೇ ಇರುವುದಿಲ್ಲ. 5ರಿಂದ 30 ಸೆಕೆಂಡ್ ತನಕ ಗೂಗಲ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ತಪ್ಪು ಮಾಡಿದವರಿಗೆ ತಪ್ಪು ಗೊತ್ತಾಗುವುದು ಒತ್ತಿದ ಮರುಕ್ಷಣವೇ, ಒತ್ತುವ ಮೊದಲು ಅಲ್ಲ. ಅದಕ್ಕೇ ಆ ಅರ್ಧ ನಿಮಿಷಕ್ಕೆ ಅಷ್ಟು ಬೆಲೆ. ನಿಮ್ಮ ಪಾವತಿಗಳನ್ನು ಸಂಜೆ ತನಕ ಒಂದು ಪಟ್ಟಿಯಲ್ಲಿ ಹಿಡಿದಿಟ್ಟು, ಒಟ್ಟು ಮೊತ್ತ ತೋರಿಸಿ, ಆಮೇಲೆ ಕಳಿಸಿ. 'ಖಚಿತವೇ?' ಅನ್ನುವ ಪ್ರಶ್ನೆಯನ್ನು ಆ ಒಂದು ಜಾಗಕ್ಕೆ ಉಳಿಸಿಕೊಳ್ಳಿ. ಕೇಳುವಾಗಲೂ 'ಹೌದು', 'ಇಲ್ಲ' ಬೇಡ. 'ರದ್ದು ಮಾಡಬೇಕೆ?' ಅಂತ ಕೇಳಿ ಕೆಳಗೆ 'ಸರಿ', 'ರದ್ದು' ಅಂತ ಎರಡು ಬಟನ್ ಇಟ್ಟ ಸ್ಕ್ರೀನ್‌ಗಳನ್ನು ನೋಡಿದ್ದೇನೆ, ಯಾವುದನ್ನು ಒತ್ತಿದರೆ ಏನಾಗುತ್ತದೆ ಅಂತ ಯಾರಿಗೆ ತಾನೇ ತಿಳಿಯುತ್ತದೆ? ಬಟನ್ ಮೇಲೆ ಆಗುವ ಕೆಲಸವನ್ನೇ ಬರೆಯಿರಿ. '38 ರೈತರಿಗೆ ಹಣ ಕಳಿಸು', 'ಇನ್ನೂ ಬೇಡ'.

ದರ ತಪ್ಪುವ ಬಗ್ಗೆ. ನಿಮ್ಮ ಎಂಟ್ರಿ ಪುಟದ ಚಿತ್ರ ಕಳಿಸಿದ್ದೀರಿ, ಅದನ್ನು ನೋಡಿಯೇ ಬರೆಯುತ್ತಿದ್ದೇನೆ. ಚೀಲ, ತೂಕ, ದರ ಮೂರೂ ಒಂದೇ ಅಳತೆಯ ಖಾಲಿ ಚೌಕಗಳು. ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು, ಟೈಪ್ ಮಾಡಲು ಶುರು ಮಾಡಿದರೆ ಅದೂ ಮಾಯ. ಹೆಸರು ಚೌಕದ ಹೊರಗೆ ಯಾವಾಗಲೂ ಕಾಣುತ್ತಿರಲಿ. ತೂಕದ ಪಕ್ಕ 'ಕೆಜಿ', ದರದ ಪಕ್ಕ 'ಕ್ವಿಂಟಲ್‌ಗೆ' ಅಂತ ಅಚ್ಚಾಗಿರಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳು ನಾಲ್ಕನ್ನೂ ಉದ್ದ ಪಟ್ಟಿಯಲ್ಲಿ ಜಾರಿಸಿ ಆರಿಸುವ ಬದಲು ನಾಲ್ಕು ದೊಡ್ಡ ಬಟನ್ ಮಾಡಿ, ಬೇರೆ ಬೇರೆ ಬಣ್ಣ ಕೊಡಿ. ನಿನ್ನೆಯ ದರ ಪಕ್ಕದಲ್ಲೇ ಕಾಣಲಿ. 50,000 ಇದ್ದ ಕಡೆ ಇವತ್ತು 5,000 ಅಂತ ಬಿದ್ದರೆ ಆಗ ಮಾತ್ರ ತಡೆದು, 'ನಿನ್ನೆಗಿಂತ 45,000 ಕಡಿಮೆ ಇದೆ' ಅಂತ ಹೇಳಿ. ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬ್ರೌಸರಿನಲ್ಲಿ ಅಂಕಿ ತುಂಬುವ ಚೌಕಕ್ಕೆ 'ನಂಬರ್' ಅನ್ನುವ ಜಾತಿ ಕೊಟ್ಟಿದ್ದರೆ, ಕರ್ಸರ್ ಅಲ್ಲೇ ಇರುವಾಗ ಮೌಸಿನ ಚಕ್ರ ತಿರುಗಿಸಿ ಪುಟ ಕೆಳಗೆ ಸರಿಸಲು ಹೋದರೆ ಕೆಲವು ಕಡೆ ಅಂಕಿಯೇ ಬದಲಾಗುತ್ತದೆ. 52,000 ಅಂತ ಸರಿಯಾಗಿ ಹಾಕಿದ್ದು 51,997 ಆಗಿರುತ್ತದೆ. ಗುಮಾಸ್ತರು ಸುಳ್ಳು ಹೇಳುತ್ತಿಲ್ಲ, ಅವರು ಸರಿಯಾಗೇ ಹಾಕಿದ್ದರು. ಆ ಜಾತಿ ತೆಗೆದು ಸಾದಾ ಚೌಕ ಇಟ್ಟು ಅಂಕಿ ಕೀಬೋರ್ಡ್ ಮಾತ್ರ ತೆರೆಯುವ ಹಾಗೆ ಮಾಡಿ.

ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡಿನಲ್ಲಿ 11 ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ. ಜನ ಅಲ್ಲಿ ಇಂಗ್ಲಿಷಿನ 'ಓ' ಹಾಕುತ್ತಾರೆ, ಸಾಫ್ಟ್‌ವೇರ್ 'ತಪ್ಪು ಕೋಡ್' ಅನ್ನುತ್ತದೆ, ಅವರು ಪಾಸ್‌ಬುಕ್ ಹಿಡಿದು ಹತ್ತು ಸಲ ನೋಡಿದರೂ ಸರಿಯಾಗೇ ಕಾಣುತ್ತದೆ. ಅಲ್ಲಿ ಸೊನ್ನೆಯೇ ಇರಬೇಕು ಅಂತ ನಿಮಗೆ ಗೊತ್ತಿದೆಯಲ್ಲ, ನೀವೇ ಬದಲಿಸಿಕೊಳ್ಳಿ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. 1969ರಲ್ಲಿ ವರ್ಹೂಫ್ ಎಂಬ ಡಚ್ ಗಣಿತಜ್ಞ ಪ್ರಕಟಿಸಿದ ಲೆಕ್ಕ ಅದು. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಸರ್ವರಿಗೆ ಕಳಿಸುವ ಮೊದಲೇ ಅದನ್ನು ತಾಳೆ ನೋಡಬಹುದು. ಮೊಬೈಲ್ ನಂಬರಿಗೆ ಆ ಭಾಗ್ಯ ಇಲ್ಲ, ಒಂದು ಅಂಕಿ ತಪ್ಪಿದರೆ ಅದು ಇನ್ಯಾರದ್ದೋ ನಂಬರ್ ಆಗಬಹುದು. ಹಾಗಾಗಿ ನಂಬರ್ ಹಾಕಿದ ಕೂಡಲೇ ಖಾತೆದಾರರ ಹೆಸರು ದೊಡ್ಡದಾಗಿ ತೋರಿಸಿ.

ಇಷ್ಟೆಲ್ಲ ಮಾಡುವ ಮೊದಲು ಸುಗ್ಗಿಯ ಒಂದು ದಿನ ಆ ಗುಮಾಸ್ತರ ಪಕ್ಕ ಕೂತು ನೋಡಿ. ಏನೂ ಹೇಳಿಕೊಡಬೇಡಿ, ಸುಮ್ನೆ ನೋಡಿ.

ಪ್ರಶ್ನೆ: ನಿವೃತ್ತ ಶಿಕ್ಷಕ. ಆನ್‌ಲೈನ್ ಅರ್ಜಿ ತುಂಬುವಾಗ ಮಳೆಗೆ ಕರೆಂಟ್ ಹೋಯಿತು, ನೆಟ್ ಹೋಯಿತು, ತುಂಬಿದ್ದೆಲ್ಲ ಹೋಯಿತು. ಮತ್ತೆ ತುಂಬಿದರೆ 'ಅಮಾನ್ಯ ಮಾಹಿತಿ' ಅಂತ ಕೆಂಪಕ್ಷರ. ಯಾವ ಮಾಹಿತಿ ಅಂತ ಹೇಳುವುದಿಲ್ಲ. ಪಾಸ್‌ವರ್ಡ್ ಸರಿಯಾಗೇ ಹೊಡೆದರೂ ತಪ್ಪು ಅನ್ನುತ್ತದೆ. ನಮ್ಮ ವಯಸ್ಸಿನವರಿಗೆ ಇದು ಹೇಳಿದ್ದಲ್ಲವೇನೋ.
— ಸಾಗರ

ಉತ್ತರ: ಮೇಷ್ಟ್ರೇ, ವಯಸ್ಸಿನ ಮಾತು ಬಿಡಿ. ಆ ಅರ್ಜಿ ಯಾರಿಗೂ ಹೇಳಿದ್ದಲ್ಲ.

ಆಷಾಢದಲ್ಲಿ ಸಾಗರ, ಹೊಸನಗರ, ಆಗುಂಬೆ ಕಡೆ ಕರೆಂಟ್ ಹೋಗುವುದು ಅಪರೂಪದ ಘಟನೆಯೇನಲ್ಲ. ಟೈಪ್ ಮಾಡಿದ ಒಂದೊಂದು ಸಾಲನ್ನೂ ಆಗಿಂದಾಗ್ಗೆ ಬ್ರೌಸರಿನಲ್ಲೇ ಉಳಿಸಿಕೊಳ್ಳುವುದು ಇವತ್ತು ಕಷ್ಟದ ಕೆಲಸವಲ್ಲ. ಕರೆಂಟ್ ಬಂದ ಮೇಲೆ 'ನೀವು ಅರ್ಧ ತುಂಬಿದ್ದಿರಿ, ಮುಂದುವರಿಸುತ್ತೀರಾ?' ಅಂತ ಕೇಳಬೇಕು. ನೆಟ್ ನಿಧಾನವಾದಾಗ 'ಸಲ್ಲಿಸು' ಬಟನ್ನನ್ನು ಎರಡು ಸಲ ಒತ್ತುವುದೂ ಸಹಜ, ಆಗ ಎರಡು ಅರ್ಜಿ ಅಥವಾ ಎರಡು ಶುಲ್ಕ ಹೋಗಬಾರದು. ಪುಟ ತೆರೆದಾಗಲೇ ಅದಕ್ಕೊಂದು ಗುರುತು ಸಂಖ್ಯೆ ಕೊಟ್ಟಿದ್ದರೆ, ಅದೇ ಸಂಖ್ಯೆ ಮತ್ತೆ ಬಂದಾಗ ಸರ್ವರ್ ಅದನ್ನು ಹೊಸದೆಂದು ಎಣಿಸುವುದಿಲ್ಲ.

ಇದು ನನ್ನೊಬ್ಬನ ಆಸೆಯಲ್ಲ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂದು 2008ರ ಡಿಸೆಂಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.0 ಎಂಬ ಮಾನದಂಡದಲ್ಲೇ ಇದೆ: ಕಾನೂನು ಅಥವಾ ಹಣಕ್ಕೆ ಸಂಬಂಧಿಸಿದ ಪುಟವಾದರೆ, ಒಂದೋ ಸಲ್ಲಿಸಿದ್ದನ್ನು ಹಿಂದೆ ಪಡೆಯಲು ಬರಬೇಕು, ಇಲ್ಲವೇ ತಪ್ಪನ್ನು ಹುಡುಕಿ ತಿದ್ದಲು ಅವಕಾಶ ಕೊಡಬೇಕು, ಇಲ್ಲವೇ ಕೊನೆಗೆ ಎಲ್ಲವನ್ನೂ ತೋರಿಸಿ ಒಪ್ಪಿಗೆ ಕೇಳಬೇಕು. ತಪ್ಪು ಎಲ್ಲಿದೆ ಅನ್ನೋದನ್ನು ಅಕ್ಷರದಲ್ಲಿ ಹೇಳಲೇಬೇಕು. ನಮ್ಮ ಸರಕಾರಿ ವೆಬ್‌ಸೈಟುಗಳಿಗೆ 2009ರಿಂದಲೇ ಇರುವ ಮಾರ್ಗಸೂಚಿಯೂ ಈ ಮಾನದಂಡವನ್ನೇ ಹಿಡಿದಿದೆ. 'ಅಮಾನ್ಯ ಮಾಹಿತಿ' ಅನ್ನುವುದು ಉತ್ತರಪತ್ರಿಕೆಗೆ ದೊಡ್ಡ ಕೆಂಪು ಗೆರೆ ಎಳೆದು ಎಲ್ಲಿ ತಪ್ಪು ಅಂತ ಬರೆಯದೆ ಬಿಟ್ಟ ಹಾಗೆ, ನಿಮಗೆ ಇದನ್ನು ಹೇಳಬೇಕಾಗಿಲ್ಲ. 'ಫೋನ್ ನಂಬರಿನಲ್ಲಿ 9 ಅಂಕಿ ಇದೆ, 10 ಬೇಕು' ಅಂದರೆ ಮುಗಿಯಿತು. ನಂಬರಿನ ಮಧ್ಯೆ ಜಾಗ ಬಿಟ್ಟರೆ, ಇನಿಷಿಯಲ್ ಪಕ್ಕ ಚುಕ್ಕಿ ಇಟ್ಟರೆ ಅದನ್ನು ಪುಟವೇ ತೆಗೆದುಕೊಳ್ಳಲಿ.

ಪಾಸ್‌ವರ್ಡಿಗೆ ಒಂದು ಅನುಮಾನ. ನಿಮ್ಮ ಕೀಬೋರ್ಡು ಕನ್ನಡಕ್ಕೆ ತಿರುಗಿರುತ್ತದಾ ನೋಡಿ. ಚುಕ್ಕಿಗಳು ಮಾತ್ರ ಕಾಣುವುದರಿಂದ ಯಾವ ಅಕ್ಷರ ಬೀಳುತ್ತಿದೆ ಅಂತ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕಣ್ಣಿನ ಚಿತ್ರ ಇದ್ದರೆ ಅದನ್ನು ಒತ್ತಿ, ಅಕ್ಷರ ಕಾಣುತ್ತದೆ. ಒಂದೇ ಕೀಲಿ ಒಂದೊಂದು ಹೊತ್ತಿಗೆ ಒಂದೊಂದು ಕೆಲಸ ಮಾಡುವುದು ಹಳೆಯ ಕಾಟ. ಕಟ್, ಕಾಪಿ, ಪೇಸ್ಟ್ ನಮಗೆ ಕೊಟ್ಟವರಲ್ಲಿ ಒಬ್ಬನಾದ ಲ್ಯಾರಿ ಟೆಸ್ಲರ್ ಇದರ ವಿರುದ್ಧ ಎಷ್ಟು ಹಟ ಹಿಡಿದಿದ್ದ ಅಂದರೆ ಅವನ ಕಾರಿನ ನಂಬರ್ ಪ್ಲೇಟಿನ ಮೇಲೇ 'ನೋ ಮೋಡ್ಸ್' (ಹೀಗೆ ಕೆಲಸ ಬದಲಾಗುವ ಸ್ಥಿತಿಗಳೇ ಬೇಡ) ಅಂತ ಇತ್ತು. 2020ರಲ್ಲಿ ತೀರಿಕೊಂಡ. ಅವನು ಕೇಳಿದ್ದು ಇನ್ನೂ ಪೂರ್ತಿ ಆಗಿಲ್ಲ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಒಂದು ಪಾವತಿಗೆ ಮೂವರ ಒಪ್ಪಿಗೆ ಬೇಕು. ಆದರೂ ತಪ್ಪು ಮೊತ್ತ ಹೋಗುತ್ತದೆ. ನಾಲ್ಕನೆಯವರನ್ನು ಸೇರಿಸಿದರೆ ಸರಿಹೋದೀತೇ?
— ಲೆಕ್ಕಪತ್ರ ವಿಭಾಗ, ಭದ್ರಾವತಿ

ಉತ್ತರ: ಅನುಮಾನ. 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್, ರೆವ್ಲಾನ್ ಕಂಪನಿಗೆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಹೋದದ್ದು ಬ್ಯಾಂಕಿನ ಸ್ವಂತ ಹಣ, 89 ಕೋಟಿ ಡಾಲರ್ ಚಿಲ್ಲರೆ. ಅಲ್ಲೂ ಮೂವರು ನೋಡಿ ಒಪ್ಪಿದ್ದರು. ಅಸಲು ಹೊರಗೆ ಹೋಗದ ಹಾಗೆ ತಡೆಯಲು ಸ್ಕ್ರೀನಿನಲ್ಲಿ ಮೂರು ಚೌಕ ತುಂಬಬೇಕಿತ್ತು. ಅವುಗಳಲ್ಲಿ ಒಂದರ ಹೆಸರು 'ಪ್ರಿನ್ಸಿಪಲ್', ಅಂದರೆ ಅಸಲು. ಅಸಲನ್ನು ತಡೆಯಲು ಅಸಲಿನ ಚೌಕ ತುಂಬಿದರೆ ಸಾಕು ಅಂತ ಮೂವರಿಗೂ ಅನ್ನಿಸಿತು. ಯಾರಿಗೇ ಆದರೂ ಹಾಗೇ ಅನ್ನಿಸುತ್ತದೆ. ಕೊನೆಗೆ ಬಂದ ಎಚ್ಚರಿಕೆ 'ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಯಬೇಕೆ?' ಅನ್ನುವ ಅರ್ಥದ್ದು. ಬಡ್ಡಿ ಹೊರಗೆ ಹೋಗಲೇಬೇಕಿತ್ತು, ಹಾಗಾಗಿ ಅದೂ ಸರಿಯಾಗೇ ಕಂಡಿತು. ಎಷ್ಟು ಹಣ ಅನ್ನೋದೊಂದನ್ನು ಆ ಸಾಲಿನಲ್ಲಿ ಬರೆದಿದ್ದರೆ ಯಾರಾದರೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಸುಮಾರು 50 ಕೋಟಿ ಡಾಲರ್ ವಾಪಸ್ ಕೊಡಲು ಕೆಲವರು ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ಬ್ಯಾಂಕು ಕೋರ್ಟಿನಲ್ಲಿ ಸೋತಿತು, 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು.

ನಿಮ್ಮ ನಾಲ್ಕನೆಯವರೂ ಅದೇ ಸ್ಕ್ರೀನ್ ನೋಡುತ್ತಾರೆ, ಮೇಲಾಗಿ 'ಮೂವರು ನೋಡಿದ್ದಾರಲ್ಲ' ಅಂತ ನಂಬುತ್ತಾರೆ. ಅದರ ಬದಲು ಎರಡನೆಯವರಿಗೆ ಮೊದಲಿನವರು ಹಾಕಿದ ಅಂಕಿ ಕಾಣದ ಹಾಗೆ ಮಾಡಿ. ಬಿಲ್ ನೋಡಿ ಅವರೂ ಮೊತ್ತವನ್ನು ಹೊಸದಾಗಿ ಟೈಪ್ ಮಾಡಲಿ. ಎರಡೂ ಒಂದೇ ಆದರೆ ಮಾತ್ರ ಮುಂದೆ ಹೋಗಲಿ. ಕಾರ್ಡಿಗೆ ತೂತು ಹೊಡೆದು ಮಾಹಿತಿ ತುಂಬುತ್ತಿದ್ದ ಪಂಚ್ ಕಾರ್ಡ್ ಕಾಲದಲ್ಲೇ ಇದಕ್ಕೆ ಪ್ರತ್ಯೇಕ ಯಂತ್ರ ಇತ್ತು, ಒಬ್ಬರು ಹೊಡೆದ ಕಾರ್ಡನ್ನು ಇನ್ನೊಬ್ಬರು ಮತ್ತೆ ಹೊಡೆದು ತಾಳೆ ನೋಡುತ್ತಿದ್ದರು. ಸ್ವಲ್ಪ ಹೊತ್ತು ಹಿಡಿಯುತ್ತದೆ. ದೊಡ್ಡ ಮೊತ್ತಕ್ಕೆ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೆ ಜನ ಎಚ್ಚರವನ್ನೇ ಬಿಡುತ್ತಾರೆ. ಪೆಟ್ಟು ತಿಂದರೆ ತಾನೇ ಬುದ್ಧಿ ಬರೋದು?
— ಕೊಪ್ಪ

ಉತ್ತರ: ನಾನು ಒಪ್ಪುವುದಿಲ್ಲ. ಪೆಟ್ಟು ತಿಂದವರು ಕಲಿಯುವುದಕ್ಕಿಂತ ಹೆದರುವುದೇ ಜಾಸ್ತಿ. ಹೆದರಿದವರು ಫೋನನ್ನು ಪಿನ್ ಸಮೇತ ಅಂಗಡಿಯವರ ಕೈಗೋ ಪಕ್ಕದ ಮನೆ ಹುಡುಗನ ಕೈಗೋ ಕೊಟ್ಟು 'ನೀನೇ ಹಾಕಪ್ಪಾ' ಅನ್ನುತ್ತಾರೆ. ಅದು ಎಲ್ಲಕ್ಕಿಂತ ಅಪಾಯ.

'ಹಣ ಪಡೆಯಲು ಪಿನ್ ಬೇಕಿಲ್ಲ' ಅಂತ ವರ್ಷಗಟ್ಟಲೆ ಪ್ರಚಾರ ಮಾಡಿದರು. ಆದರೂ 'ರಿಕ್ವೆಸ್ಟ್ ಕಳಿಸಿದ್ದೇನೆ, ಒತ್ತಿ, ಹಣ ಬರುತ್ತೆ' ಅನ್ನುವ ವಂಚನೆಗೆ ಜನ ಬೀಳುತ್ತಲೇ ಇದ್ದರು. ಕೊನೆಗೆ ಒಬ್ಬ ವ್ಯಕ್ತಿ ಇನ್ನೊಬ್ಬರಿಂದ ಹಾಗೆ ಹಣ ಕೇಳುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ಎನ್‌ಪಿಸಿಐ ನಿಲ್ಲಿಸಿತು. ಬುದ್ಧಿಮಾತು ಮುಚ್ಚಲಾಗದ ಬಾಗಿಲು ಅದರಿಂದ ಮುಚ್ಚಿತು.

ರೈಲಿನವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಹಳಿ ಒಂದು ಕಡೆ ತಿರುಗಿದ್ದು ಸಿಗ್ನಲ್ ಇನ್ನೊಂದು ಕಡೆಗೆ ಹಸಿರು ತೋರಿಸದ ಹಾಗೆ ಸನ್ನೆಕೋಲುಗಳನ್ನು ಒಂದಕ್ಕೊಂದು ಕಟ್ಟುವ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲೇ ಪೇಟೆಂಟ್ ಪಡೆದ. ನಮ್ಮ ದೇಶದ ಒಂಟಿ ಹಳಿ ಮಾರ್ಗಗಳಲ್ಲಿ ಚಾಲಕನ ಕೈಗೆ ಉಕ್ಕಿನ ಗುಂಡಿನ ಟೋಕನ್ ಸಿಗದೆ ಗಾಡಿ ಹೊರಡುವ ಹಾಗಿರಲಿಲ್ಲ. ಎರಡೂ ನಿಲ್ದಾಣದ ಯಂತ್ರಗಳು ತಂತಿಯಲ್ಲಿ ಬೆಸೆದುಕೊಂಡಿದ್ದು, ಒಂದು ಹೊತ್ತಿಗೆ ಒಂದೇ ಗುಂಡು ಹೊರಗೆ ಬರುತ್ತಿತ್ತು. ಇದರಿಂದ ಸ್ಟೇಷನ್ ಮಾಸ್ತರರು ಸೋಮಾರಿಗಳಾದರು ಅಂತ ನೀವು ಎಲ್ಲಾದರೂ ಕೇಳಿದ್ದೀರಾ?

ಇಂಥ ಅಡ್ಡಗಟ್ಟುಗಳನ್ನು ತೆಗೆದರೆ ಏನಾಗುತ್ತದೆ ಅನ್ನೋದಕ್ಕೂ ದಾಖಲೆ ಇದೆ. ಥೆರಾಕ್-25 ಎಂಬ ಕ್ಯಾನ್ಸರ್ ವಿಕಿರಣ ಯಂತ್ರದಲ್ಲಿ, ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಸಾಫ್ಟ್‌ವೇರನ್ನು ನಂಬಿದರು. 1985ರಿಂದ 1987ರೊಳಗೆ ಅಮೆರಿಕ, ಕೆನಡಾಗಳಲ್ಲಿ 6 ರೋಗಿಗಳಿಗೆ ವಿಪರೀತ ವಿಕಿರಣ ಬಿತ್ತು, ಕೆಲವರು ಸತ್ತರು. ಈ ಅವಘಡಗಳ ಪೈಕಿ ಎರಡರಲ್ಲಿ ಸ್ಕ್ರೀನಿನ ಮೇಲೆ ಬಂದದ್ದು 'ಮಾಲ್‌ಫಂಕ್ಷನ್ 54' ಎಂಬ ಎರಡು ಪದ. ಅಂಥ ಸಂದೇಶ ದಿನವೂ ಬರುತ್ತಿದ್ದುದರಿಂದ 'ಪಿ' ಕೀಲಿ ಒತ್ತಿ ಮುಂದುವರಿಯುವುದು ಅಲ್ಲಿನವರಿಗೆ ರೂಢಿಯಾಗಿತ್ತು. ಅವರು ಬೇಜವಾಬ್ದಾರಿಗಳಾಗಿರಲಿಲ್ಲ. ಆ ರೂಢಿ ಕಲಿಸಿದ್ದು ಯಂತ್ರ. ಅಲ್ಲಿ ಪೆಟ್ಟು ತಿಂದವರು ಮಂಚದ ಮೇಲೆ ಮಲಗಿದ್ದ ರೋಗಿಗಳು.

ಪ್ರಶ್ನೆ: ಊರಿನ ಗ್ರೂಪಿಗೆ ಮನೆಯ ಫೋಟೋ ಒಂದು ತಪ್ಪಿ ಹೋಯಿತು. ಗಾಬರಿಯಲ್ಲಿ 'ಎಲ್ಲರಿಗೂ ಅಳಿಸು' ಒತ್ತುವ ಬದಲು 'ನನಗೆ ಮಾತ್ರ ಅಳಿಸು' ಒತ್ತಿದೆ. ಈಗ ಎಲ್ಲರಿಗೂ ಕಾಣುತ್ತಿದೆ, ನನಗೆ ಮಾತ್ರ ಕಾಣುತ್ತಿಲ್ಲ! ಏನು ಮಾಡಲಿ?
— ಶೃಂಗೇರಿ

ಉತ್ತರ: ಇದು ನಿಮ್ಮೊಬ್ಬರ ಕತೆಯಲ್ಲ. ಬಹಳ ಜನಕ್ಕೆ ಹೀಗೇ ಆಗುತ್ತಿತ್ತು ಅಂತಲೇ 2022ರ ಡಿಸೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಒಂದು ಸೌಲಭ್ಯ ತಂದಿತು. 'ನನಗೆ ಮಾತ್ರ' ಒತ್ತಿದ ಕೂಡಲೇ ಕೆಳಗೆ 'ಅನ್‌ಡೂ' ಅಂತ 5 ಸೆಕೆಂಡ್ ಕಾಣುತ್ತದೆ. ಅದನ್ನು ಒತ್ತಿದರೆ ಫೋಟೋ ನಿಮ್ಮ ಕಡೆಯೂ ವಾಪಸ್ ಬರುತ್ತದೆ, ಆಮೇಲೆ ಎಲ್ಲರಿಗೂ ಅಳಿಸಬಹುದು. ಗಾಬರಿಯಾದವರಿಗೆ 5 ಸೆಕೆಂಡ್ ಸಾಲದು ಅಂತ ನನ್ನ ಅಭಿಪ್ರಾಯ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ನಿಮಗೆ ಆ ಹೊತ್ತು ಮೀರಿದೆ. ಆದರೆ ಗ್ರೂಪಿನ ಅಡ್ಮಿನ್‌ಗೆ ಬೇರೆಯವರು ಹಾಕಿದ್ದನ್ನೂ ಎಲ್ಲರಿಗೂ ಅಳಿಸುವ ಅಧಿಕಾರ ಇದೆ. ಎರಡು ದಿನದ ಮೇಲೆ ಅದೂ ಕಷ್ಟ. ಹಾಗಾಗಿ ಉತ್ತರ ಅಚ್ಚಾಗುವ ತನಕ ಕಾಯಿಸದೆ, ನಿಮ್ಮ ಪತ್ರ ಬಂದ ದಿನವೇ ನಮ್ಮ ಕಚೇರಿಯಿಂದ ಫೋನ್ ಮಾಡಿ ಇದನ್ನು ತಿಳಿಸಿದ್ದೇವೆ.